ಕೊನೇ ಔಟಿನ ತನಕ

ಮದುವೆ ಊಟಕ್ಕೆ ಹೋದರೆ ಪಾಯಸ ಬರುವ ಹೊತ್ತಿಗೆ ವ್ಯಾಸರಾಜರ ಎಡಗೈ ಜೇಬಿನಲ್ಲಿ ಕಾರಿನ ಕೀಲಿ ತಡಕುತ್ತಿರುತ್ತದೆ. ಲಿವರ್‌ಮೋರ್ ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಇನ್ನೂ ಎರಡನೇ ಸಾಲಿಗೆ ಬಂದಿರುವುದಿಲ್ಲ, ಇವರು ಆಗಲೇ ಚಪ್ಪಲಿ ಮೆಟ್ಟಿ ಪಾರ್ಕಿಂಗ್ ಲಾಟಿನಲ್ಲಿ. ಸಿನಿಮಾದ ಕೊನೆಯನ್ನಂತೂ ಅವರ ಹೆಂಡತಿ ವಸುಧಾ ಮದುವೆಯಾದ ಮೇಲೆ ಥಿಯೇಟರಿನಲ್ಲಿ ನೋಡಿದ್ದೇ ಇಲ್ಲ. ಕೇಳಿದರೆ ಒಂದೇ ಉತ್ತರ: "ಟ್ರಾಫಿಕ್ ಆಗೋಕೆ ಮುಂಚೆ ಹೊರಟುಬಿಡೋಣ." ಲೋಕವೆಲ್ಲ ಫ್ರೀವೇಯಲ್ಲಿ ಸಾಲುಗಟ್ಟಿ ನಿಂತಿರುವಾಗ ತಾವು ಸಾಂಟಾ ಕ್ಲಾರಾದ ಮನೆಯಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಿರಬೇಕು, ಅಷ್ಟಾದರೆ ಆ ಮನುಷ್ಯನಿಗೆ ಜನ್ಮ ಸಾರ್ಥಕ.

ಇಂಥವರ ಕೈಹಿಡಿದವಳಿಗೆ ಬೇಸ್‌ಬಾಲ್ ಹುಚ್ಚು ಹತ್ತಬೇಕೆ? ಅದೂ ಹತ್ತಿತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ವಸುಧಾಳ ಪಕ್ಕದ ಮೇಜಿನವಳು ಮಧ್ಯಾಹ್ನದ ಹೊತ್ತು ಸಣ್ಣಗೆ ರೇಡಿಯೋ ಹಾಕಿಕೊಂಡು ಓಕ್ಲೆಂಡ್ ಅಥ್ಲೆಟಿಕ್ಸ್ ತಂಡದ ಆಟ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಇವಳಿಗೂ ರುಚಿ ಹತ್ತಿತು. ಈ ಆಟಕ್ಕೆ ಗಡಿಯಾರವಿಲ್ಲ ಎನ್ನುವುದೇ ಅವಳಿಗೆ ಹಿಡಿಸಿದ್ದು. ಒಂಬತ್ತು ಇನ್ನಿಂಗ್ಸು, ಎಷ್ಟು ರನ್ನು ಮುಂದಿದ್ದರೂ ಕೊನೆಯ ಔಟು ತೆಗೆಯುವ ತನಕ ಗೆದ್ದ ಹಾಗಲ್ಲ. ಓಕ್ಲೆಂಡಿನಲ್ಲಿ ಟಿಕೆಟ್ಟೂ ಅಗ್ಗ. ವರ್ಷಕ್ಕೆ ಒಂದೆರಡು ಸಲ ಗಂಡನನ್ನು ಎಳೆದುಕೊಂಡು ಹೋಗುತ್ತಿದ್ದಳು. ಏಳನೇ ಇನ್ನಿಂಗ್ಸಿಗೆ ಅವರು ಇವಳನ್ನು ಎಳೆದುಕೊಂಡು ವಾಪಸು ಬರುತ್ತಿದ್ದರು.

ಹೀಗೆ ಆ ತಂಡದ ಚರಿತ್ರೆಯೆಲ್ಲ ಇವರ ಬೆನ್ನ ಹಿಂದೆ ನಡೆಯಿತು. ಎರಡು ಸಾವಿರದ ಎರಡರಲ್ಲಿ ತಂಡ ಸತತ ಇಪ್ಪತ್ತನೇ ಗೆಲುವಿಗೆ ಆಡಿದ ರಾತ್ರಿ ಇಬ್ಬರೂ ಅಲ್ಲೇ ಇದ್ದರು. ಶುರುವಿನಲ್ಲೇ ಹನ್ನೊಂದು–ಸೊನ್ನೆ. "ಇನ್ನೇನು ಉಳಿದಿದೆ, ಗೆದ್ದಾಯ್ತಲ್ಲ," ಎಂದು ವ್ಯಾಸರಾಜರು ಏಳನೆಯದಕ್ಕೆ ಎದ್ದರು. ಕಾರು ಹೇವರ್ಡ್ ದಾಟುವಾಗ ರೇಡಿಯೋದಲ್ಲಿ ಎದುರಾಳಿಗಳು ರನ್ನಿನ ಮೇಲೆ ರನ್ನು ಕೂಡಿಸಿ ಹನ್ನೊಂದಕ್ಕೆ ಹನ್ನೊಂದು ಮಾಡಿದರು. ಆಮೇಲೆ ಓಕ್ಲೆಂಡಿನ ಒಬ್ಬ ಬದಲಿ ಆಟಗಾರ ಬಂದು ಚೆಂಡನ್ನು ಬೇಲಿಯಾಚೆ ಕಳಿಸಿ ಗೆಲ್ಲಿಸಿಬಿಟ್ಟ. ರೇಡಿಯೋದವನ ಗಂಟಲು ಬಿರಿಯಿತು. ವಸುಧಾ ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತಳು. "ಮನೆಗೆ ಬೇಗ ಸೇರ್ತೀವಿ ನೋಡು," ಎಂದರು ವ್ಯಾಸರಾಜರು, ಸಮಾಧಾನಕ್ಕೆ.

ಇದಾದರೂ ಪರವಾಗಿಲ್ಲ. ಎರಡು ಸಾವಿರದ ಹತ್ತರಲ್ಲಿ ಮಗಳು ಸಂಯುಕ್ತಾ ತಾಯಂದಿರ ದಿನಕ್ಕೆಂದು ತನ್ನ ಸಂಬಳದಲ್ಲಿ ಟಿಕೆಟ್ಟು ತೆಗೆದುಕೊಟ್ಟಿದ್ದಳು. ಅವತ್ತು ಓಕ್ಲೆಂಡಿನ ಹುಡುಗ ಎಸೆದ ಚೆಂಡಿಗೆ ಎದುರಾಳಿಗಳಲ್ಲಿ ಒಬ್ಬನಾದರೂ ರನ್ನಿನ ಮೊದಲ ಮೆಟ್ಟಿಲಾದ ಬೇಸನ್ನೂ ಮುಟ್ಟಲಿಲ್ಲ. ಹಾಗೆ ಒಂದಿಡೀ ಪಂದ್ಯ ಮುಗಿಯುವುದನ್ನು ನೋಡದೆ ಸತ್ತ ಅಭಿಮಾನಿಗಳು ಎಷ್ಟೋ ಜನ. ವ್ಯಾಸರಾಜರು ಏಳನೆಯದರ ತನಕ ನೋಡಿ, "ಏನೂ ನಡೀತಾನೇ ಇಲ್ವಲ್ಲ ವಸು, ಒಬ್ಬನೂ ಓಡ್ತಿಲ್ಲ," ಎಂದು ಎದ್ದುಬಿಟ್ಟರು. ಏನೂ ನಡೆಯದಿರುವುದೇ ಅಲ್ಲಿ ನಡೆಯುತ್ತಿದ್ದದ್ದು ಎಂದು ಅವಳು ಎಷ್ಟು ಬಡಿದುಕೊಂಡರೂ ಕಿವಿಗೆ ಹೋಗಲಿಲ್ಲ. ಆ ಒಂದು ವಿಷಯಕ್ಕೆ ಅವಳು ವಾರಗಟ್ಟಲೆ ಮಾತು ಬಿಟ್ಟಿದ್ದಳು.

ಈಗ ತಂಡವೇ ಓಕ್ಲೆಂಡ್ ಬಿಟ್ಟು ಹೊರಟಿತ್ತು. ಎರಡು ಸಾವಿರದ ಇಪ್ಪತ್ತನಾಲ್ಕರ ಸೆಪ್ಟೆಂಬರಿನ ಒಂದು ಗುರುವಾರ ಮಧ್ಯಾಹ್ನ ಆ ಸ್ಟೇಡಿಯಮ್ಮಿನಲ್ಲಿ ಅದರ ಕಡೆಯ ಆಟ. ವಸುಧಾಳ ಪ್ಯಾಂಕ್ರಿಯಾಸಿನಲ್ಲಿ ಕ್ಯಾನ್ಸರು ಪತ್ತೆಯಾಗಿ ಆಗ ಎಂಟು ತಿಂಗಳಾಗಿತ್ತು.

ಮೊದಲ ಕೀಮೋ ನಾಟಲಿಲ್ಲ. ಇನ್ನೊಂದು ಔಷಧಿ ಇದೆ, ಪ್ರಯತ್ನಿಸಬಹುದು ಎಂದಿದ್ದರು ಡಾಕ್ಟರು. ಆ 'ಪ್ರಯತ್ನಿಸಬಹುದು' ಎನ್ನುವ ಮಾತಿನ ತೂಕ ವಸುಧಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಂಥ ಔಷಧಿಗಳ ಪರೀಕ್ಷೆಯಲ್ಲೇ ಅವಳ ನೌಕರಿ ಸವೆದಿತ್ತು. ಸಿಕ್ಕರೆ ಕೆಲವು ವಾರ ಹೆಚ್ಚಿಗೆ ಸಿಗುತ್ತದೆ, ಆ ವಾರಗಳು ಬಚ್ಚಲುಮನೆಯ ನೆಲದ ಮೇಲೆ ಕಳೆಯುತ್ತವೆ. ಅವಳಿಗೆ ಬೇಡವಾಗಿತ್ತು. ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ನೋವಿಗಷ್ಟೇ ಔಷಧಿ ಸಾಕು ಎಂದು ತೀರ್ಮಾನಿಸಿ ಆಗಿತ್ತು. ಆದರೆ ಅದನ್ನು ಗಂಡನಿಗೆ ಹೇಳಬೇಕಲ್ಲ, ಅವರು ಕೂತರೆ ತಾನೇ?

"ರೀ, ಇಲ್ಲಿ ಬನ್ನಿ, ಒಂದು ಮಾತಿದೆ," ಎಂದರೆ ಡಿಶ್‌ವಾಷರ್ ಖಾಲಿ ಮಾಡಲು ಏಳುವರು. ಊಟದ ಹೊತ್ತಿಗೆ ಹಿಡಿದರೆ ಕಾರಿನ ಟಯರಿಗೆ ಗಾಳಿ ಕಮ್ಮಿಯಾಗಿದ್ದು ನೆನಪಾಗುವುದು. ಮಾತು ಮುಖ್ಯ ವಿಷಯಕ್ಕೆ ಬರುವ ಮುಂಚೆ, "ಹೊಸ ಔಷಧಿಗೆ ಸೋಮವಾರ ಬುಕ್ ಆಗಿದೆ, ಎಲ್ಲಾ ಸರಿಹೋಗುತ್ತೆ," ಎಂದು ಗರಾಜಿಗೆ ನಡೆದುಬಿಡುವರು. ಮಗಳಿಗೆ ಫೋನಿನಲ್ಲಿ ಹೇಳಿ ಆಗಿತ್ತು. ಅವಳು ಬಹಳ ಹೊತ್ತು ಅತ್ತು, "ಅಪ್ಪನಿಗೆ ನೀನೇ ಹೇಳ್ಬೇಕಮ್ಮ, ಐ ಕಾಂಟ್," ಎಂದಿದ್ದಳು. ಸೋಮವಾರದೊಳಗೆ ಹೇಳದಿದ್ದರೆ ತಾನು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಸೂಜಿಗೆ ಕೈ ಚಾಚಿರುತ್ತೇನೆ, ಇವರ ಮುಖ ನೋಡಿ ಬೇಡ ಅನ್ನಲಾರೆ ಎಂದು ವಸುಧಾಳಿಗೆ ಗೊತ್ತಿತ್ತು. ಅದೇ ಅವಳ ಭಯ.

ಗುರುವಾರ ಹೊರಡುವಾಗ ಅವಳು ಹೇಳಿದ್ದು ಇಷ್ಟೇ: "ಇವತ್ತು ಕೊನೇ ತನಕ ಇರಬೇಕು."

"ನಿನಗೆ ಆಯಾಸ ಆಗಲ್ಲ ಅಂದ್ರೆ," ಎಂದರು ವ್ಯಾಸರಾಜರು. ದಿಂಬು, ಮಜ್ಜಿಗೆಯ ಬಾಟಲಿ, ಬಿಸಿಲಿಗೆ ಟೋಪಿ, ಮಾತ್ರೆಯ ಡಬ್ಬಿ ಎಲ್ಲ ಅವರೇ ಜೋಡಿಸಿಕೊಂಡರು. ಅದರಲ್ಲಿ ಮಾತ್ರ ಅವರನ್ನು ಬೈಯುವ ಹಾಗಿಲ್ಲ. ಸ್ಟೇಡಿಯಮ್ಮಿನಲ್ಲಿ ಕಾರನ್ನು ಹಿಮ್ಮುಖವಾಗಿ, ಮೂತಿ ಗೇಟಿನ ಕಡೆಗೇ ಬರುವಂತೆ ನಿಲ್ಲಿಸಿದರು.

ಸದಾ ಮುಕ್ಕಾಲು ಖಾಲಿಯಿರುತ್ತಿದ್ದ ಜಾಗ ಅಂದು ಗಿಜಿಗುಡುತ್ತಿತ್ತು. ದೂರದ ಮೂಲೆಯಲ್ಲಿ ಡೋಲು ಬಡಿಯುವವರು ಬಿಡುವಿಲ್ಲದೆ ಬಡಿಯುತ್ತಿದ್ದರು. ಮುಂದಿನ ಸಾಲಿನ ಮುದುಕನೊಬ್ಬ ಆಟ ಶುರುವಾಗುವ ಮುಂಚೆಯೇ ಅಳಲು ಶುರುಮಾಡಿದ್ದ. ಅವನ ಹೆಂಡತಿ ಬೆನ್ನು ಸವರುತ್ತ ಕೂತಿದ್ದಳು. ವಸುಧಾಳಿಗೆ ಹೊಟ್ಟೆಯಲ್ಲಿ ನೋವು ಬಂದು ಬಂದು ಹೋಗುತ್ತಿತ್ತು. ತೋರಿಸಿಕೊಳ್ಳಲಿಲ್ಲ. ತೋರಿಸಿದರೆ ಇವರಿಗೆ ಹೊರಡಲು ನೆಪ ಸಿಗುತ್ತದೆ. ಆಟ ಮುಗಿಯಲಿ, ಎಲ್ಲರೂ ಹೋಗಲಿ, ಖಾಲಿ ಕುರ್ಚಿಗಳ ನಡುವೆ ಕೂರಿಸಿಕೊಂಡು ಹೇಳಿಬಿಡುತ್ತೇನೆ ಎಂದುಕೊಂಡಿದ್ದಳು.

ಏಳನೆಯದು ಹೇಗೋ ಕಳೆಯಿತು. ಎಂಟನೆಯದರ ನಡುವೆ ವ್ಯಾಸರಾಜರು ಫೋನು ತೆಗೆದು ಮ್ಯಾಪು ನೋಡಿದರು. "ಫ್ರೀವೇ ಆಗ್ಲೇ ಕೆಂಪಾಗಿದೆ ವಸು. ನಮ್ಮೋರೇ ಮುಂದಿದ್ದಾರಲ್ಲ. ಇಷ್ಟು ಜನ ಒಟ್ಟಿಗೆ ಎದ್ರೆ ನಿನ್ನನ್ನ ಹೇಗೆ ಕರ್ಕೊಂಡು ಹೋಗ್ಲಿ?"

"ಕೊನೇ ತನಕ ಅಂದಿದ್ದೆ."

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಆಗ ವಸುಧಾ ಈವರೆಗೆ ಆಡದಿದ್ದ ಮಾತು ಆಡಿದಳು. "ನೀವು ಹೊರಡಿ. ಕಾರಲ್ಲಿ ಕೂತಿರಿ. ನಾನು ಮುಗಿಸ್ಕೊಂಡು ಬರ್ತೀನಿ."

ಅವರು ಅವಳ ಮುಖ ನೋಡಿದರು. ಆಮೇಲೆ ನಿಜಕ್ಕೂ ಎದ್ದು, ಜನರ ಮೊಣಕಾಲು ದಾಟಿಕೊಂಡು ಮೆಟ್ಟಿಲು ಹತ್ತಿ ಹೋದರು. ವಸುಧಾ ತಿರುಗಿ ನೋಡಲಿಲ್ಲ. ಹೊಟ್ಟೆನೋವಿಗಿಂತ ಮೇಲಿನ ನೋವು ಅದು. ನಾಳೆ ನನ್ನ ಉಸಿರು ನಿಲ್ಲುವ ಹೊತ್ತಿಗೂ ಈ ಮನುಷ್ಯ ಹೀಗೇ ಎದ್ದುಹೋಗಿರುತ್ತಾರೆ, ಗೋಡೆ ನೋಡಿಕೊಂಡು ಸಾಯಬೇಕಾಗುತ್ತದೆ ಎಂದುಕೊಂಡಾಗ ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ಒಂಬತ್ತನೆಯದು. ಎದುರಾಳಿಗಳಲ್ಲಿ ಇಬ್ಬರು ಔಟು. ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಜನರೆಲ್ಲ ಒಟ್ಟಿಗೇ ಎದ್ದು ನಿಂತರು, ಮುಂದಿನ ಸಾಲಿನ ಮುದುಕನೂ. ವಸುಧಾ ಕುರ್ಚಿಯ ಕೈಗಳನ್ನು ಒತ್ತಿ ಏಳಲು ನೋಡಿದಳು. ಕಾಲು ಕೇಳಲಿಲ್ಲ. ಮತ್ತೊಮ್ಮೆ ನೋಡಿದಳು. ಮುಂದೆ ಬರೀ ಬೆನ್ನುಗಳು, ಹಸಿರು ಅಂಗಿಗಳು. ಇಷ್ಟು ಹತ್ತಿರ ಬಂದೂ ರೇಡಿಯೋ ಕೇಳಿದ ಹಾಗೇ ಆಯಿತಲ್ಲ ಎನ್ನಿಸಿತು.

ಹಿಂದಿನಿಂದ ಎರಡು ಕೈ ಅವಳ ಕಂಕುಳಲ್ಲಿ ತೂರಿ ಮೇಲೆತ್ತಿದವು. "ನನ್ನ ಮೇಲೆ ಭಾರ ಬಿಡು," ಎಂದರು ವ್ಯಾಸರಾಜರು. ಏದುಸಿರು ಬಿಡುತ್ತಿದ್ದರು. "ನೋಡು ಈಗ."

ಅವಳು ನೋಡಿದಳು. ಚೆಂಡು ಎಸೆದವನ ಕೈ, ಬ್ಯಾಟಿನ ಸದ್ದು, ಔಟು. ಅಷ್ಟೇ. ಡೋಲು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಸುತ್ತ ದೊಡ್ಡ ದೊಡ್ಡ ಗಂಡಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಹೋಗಿದ್ರಲ್ಲ," ಎಂದಳು.

"ಮೇಲೆ ಗೇಟಿನ ಹತ್ರ ನಿಂತಿದ್ದೆ. ಎಲ್ರೂ ಎದ್ರು. ನಿನ್ನ ಟೋಪಿ ಕಾಣಿಸ್ಲಿಲ್ಲ."

ಅವಳನ್ನು ಮೆಲ್ಲಗೆ ಕೂರಿಸಿ ತಾವೂ ಕೂತರು. ಆಟಗಾರರು ಮೈದಾನದಲ್ಲಿ ನಿಂತು ಕೈ ಬೀಸುತ್ತಿದ್ದರು. ಯಾರೊಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಖಾಲಿಯಾಗುವ ತನಕ ಕಾಯುತ್ತ ಕೂತರೆ ಆಗದು ಎಂದು ವಸುಧಾಳಿಗೆ ಅರ್ಥವಾಯಿತು.

"ಸೋಮವಾರ ನಾನು ಬರಲ್ಲ ಕಣ್ರೀ," ಎಂದಳು. "ಆ ಔಷಧಿ ನನಗೆ ಬೇಡ. ಅದರಿಂದ ಏನೂ ಆಗಲ್ಲ, ನನಗೆ ಗೊತ್ತು. ಮನೇಲೇ ಇರ್ತೀನಿ."

ವ್ಯಾಸರಾಜರ ಕೈ ಜೇಬಿಗೆ ಹೋಯಿತು. ಮೆಟ್ಟಿಲ ಕಡೆ ತಿರುಗಿ ನೋಡಿದರು. ಅಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡ ಜನ, ಇರುವೆ ನುಸುಳಲೂ ದಾರಿಯಿರಲಿಲ್ಲ. ಕೈ ಹಾಗೇ ಜೇಬಿನಲ್ಲಿ ನಿಂತಿತು. ಬಹಳ ಹೊತ್ತಾದ ಮೇಲೆ ಬರಿಗೈಯಾಗಿ ಹೊರಗೆ ಬಂತು.

"ನಾನೇ ಮೊದಲು ಸಾಯೋದು ಅಂತ ಲೆಕ್ಕ ಹಾಕ್ಬಿಟ್ಟಿದ್ದೆ ವಸು," ಎಂದರು. "ಎಲ್ಲಾ ಹಾಗೇ ಏರ್ಪಾಡು ಮಾಡಿಟ್ಟಿದ್ದೆ. ಗರಾಜ್ ಬಾಗಿಲು ಕೆಟ್ರೆ ಯಾರನ್ನ ಕರೀಬೇಕು ಅಂತ ಕೂಡ ನಿನಗೋಸ್ಕರ ಬರೆದು ಅಂಟಿಸಿಟ್ಟಿದ್ದೀನಿ." ಅಷ್ಟಕ್ಕೇ ಅತ್ತುಬಿಟ್ಟರು. ಅವಳೆದುರು ಅವರು ಅತ್ತದ್ದು ಅದೇ ಮೊದಲು.

ವಸುಧಾ ಅವರನ್ನು ಅಳಲು ಬಿಟ್ಟಳು. ಆಮೇಲೆ ಹೇಳಿದಳು: "ಕೊನೇಲಿ ನೀವು ಗರಾಜಲ್ಲಿ ಫೋನ್ ಹಿಡ್ಕೊಂಡು ನಿಂತಿರಬಾರದು. ಪಕ್ಕದಲ್ಲಿ ಇರಬೇಕು. ನನಗೆ ಅಷ್ಟೇ ಬೇಕಾಗಿರೋದು."

ಅವರು ತಲೆಯಾಡಿಸಿದರು. ಅದು ಸಾಲದು ಎನ್ನಿಸಿತೇನೋ, "ಇರ್ತೀನಿ," ಎಂದು ಬಾಯಿಬಿಟ್ಟೂ ಹೇಳಿದರು. "ತುಂಬಾ ನೋವಾಗುತ್ತಾ?"

"ಆಗುತ್ತೆ. ಮಾತ್ರೆ ಕೊಡ್ತಾರೆ."

ಬಿಸಿಲು ಇಳಿಯುತ್ತ ಬಂದಿತ್ತು. ನಿಧಾನವಾಗಿ ಜನ ಕರಗತೊಡಗಿದರು, ಮೆಟ್ಟಿಲಲ್ಲಿ ದಾರಿಯಾಯಿತು. ವಸುಧಾಳಿಗೆ ಬೆನ್ನು ಸೋತುಹೋಗಿತ್ತು. ಹೊರಡೋಣವೇ ಎನ್ನುವಂತೆ ಗಂಡನ ಕಡೆ ನೋಡಿದಳು.

ವ್ಯಾಸರಾಜರು ದಿಂಬನ್ನು ಅವಳ ಬೆನ್ನ ಹಿಂದೆ ಸರಿಯಾಗಿ ಇಟ್ಟರು. "ಸೋಮವಾರ ಬೇಡ ಅಂತ ಆಸ್ಪತ್ರೆಗೆ ನಾನೇ ಫೋನ್ ಮಾಡ್ತೀನಿ," ಎಂದರು. "ನೀನು ಮಾಡ್ಬೇಡ. ನಾನು ಹೇಳ್ತೀನಿ."