ಎಡಮಂಡಿಯ ಪ್ರಾರ್ಥನೆ

ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಸರಿಮಾಡಿಸೋಣವೆಂದು ಬೀದಿಯ ತುದಿಯ ಅಂಗಡಿಗೆ ಹೋಗಿದ್ದೆ. ಅಂಗಡಿಯವನು, ಬಂದದ್ದು ಬಂದಿರಿ, ಕಣ್ಣನ್ನೂ ನೋಡಿಬಿಡೋಣ ಎಂದು ದಪ್ಪ ಚೌಕಟ್ಟೊಂದನ್ನು ನನ್ನ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ ಎದುರಿಗಿದ್ದ ಅಕ್ಷರಗಳನ್ನು ಓದಲು ಹೇಳಿದ. ನಾನು ಓದಿದ್ದು ಅವನ್ನಲ್ಲ, ಅವುಗಳ ಪಕ್ಕದ ಗೋಡೆಗೆ ತೂಗುಹಾಕಿದ್ದ ಮರದ ಹಲಗೆಯನ್ನು.

‘ದೇವರೇ, ಇವತ್ತಿಗೆ ಸಾಕಾಗುವಷ್ಟು ಬೆಳಕು ಕೊಡು. ನನ್ನ ಮಾತು ಕಡಿಮೆಯಾಗಲಿ, ಕೋಪ ಅದಕ್ಕಿಂತ ಕಡಿಮೆಯಾಗಲಿ. ಇವರ ಎಡಮಂಡಿಗೆ ಮೆಟ್ಟಿಲು ಇಳಿಯುವಷ್ಟು ಬಲವಿರಲಿ. ನಾವು ಮರೆತವರನ್ನು ನೀನು ಮರೆಯಬೇಡ.’

ಅದು ನನ್ನ ಹೆಂಡತಿಯ ಪ್ರಾರ್ಥನೆ. ಆ ಮಂಡಿ ನನ್ನದು.

ಗಾಜಿನ ದೋಷವಿರಬಹುದೆಂದು ಚೌಕಟ್ಟನ್ನು ತೆಗೆದು, ಹತ್ತಿರ ಹೋಗಿ, ಬೆರಳಿಟ್ಟು ಓದಿದೆ. ಅಕ್ಷರಗಳನ್ನು ಮರದಲ್ಲಿ ಸುಟ್ಟು ಕೊರೆದಿದ್ದರು. ಅಂಗಡಿಯವನಿಗೆ ಖುಷಿಯಾಯಿತು. ಆನ್‌ಲೈನಿನಲ್ಲಿ ತರಿಸಿದ್ದಂತೆ, ಅವನ ತಾಯಿಗೆ ಬಹಳ ಹಿಡಿಸಿದೆಯಂತೆ. ಮಂಡಿಯೆಂದರೆ ಅಹಂಕಾರ ಬಾಗುವ ಜಾಗ, ಎಡವೆಂದರೆ ಹೃದಯವಿರುವ ಕಡೆ, ‘ಇವರು’ ಎಂದರೆ ಸಕಲ ಮನುಕುಲ ಎಂದು ಮಾರುವವರು ಅರ್ಥವನ್ನೂ ಕೊಟ್ಟಿದ್ದಾರಂತೆ.

ಬರೆದವರು ಯಾರು ಎಂದು ಕೇಳಿದೆ.

"ಯಾರೋ ಹಳೇ ಕಾಲದ ಸಂತರಿರಬೇಕು ಬಿಡಿ. ಕೆಳಗಡೆ ಹಾಕಿದ್ದಾರಲ್ಲ, ಕರ್ತೃ ಅಜ್ಞಾತ ಅಂತ."

ನಾನು ಮನೆಗಳಿಗೆ ನೆಲಹಾಸು ಕೂರಿಸುವ ಕೆಲಸ ಮಾಡಿ ಬದುಕಿದವನು. ಆ ಕೆಲಸದಲ್ಲಿ ಭಾರವೆಲ್ಲ ಎಡಮಂಡಿಯ ಮೇಲೆ ಬೀಳುತ್ತದೆ. ಬಲಗಾಲು ಮುಂದಕ್ಕೆ, ಎಡಮಂಡಿ ಹಸಿ ಗಾರೆಯ ಪಕ್ಕ. ವಯಸ್ಸಾದ ಮೇಲೆ ಅದು ಸೇಡು ತೀರಿಸಿಕೊಂಡಿತು. ನಮ್ಮದು ಮೂರನೆಯ ಮಹಡಿ, ಲಿಫ್ಟಿಲ್ಲ. ಬೆಳಗ್ಗೆ ನಾನು ಕೆಳಗಿಳಿದು ಹೋಗುವ ಮುನ್ನ ನನ್ನ ಹೆಂಡತಿ ಅಡುಗೆಮನೆಯ ಕಿಟಕಿಗೆ ಮುಖಮಾಡಿ ನಿಂತು ಈ ನಾಲ್ಕು ಮಾತು ಹೇಳುತ್ತಿದ್ದಳು. ಎಲ್ಲೂ ಓದಿದ್ದಲ್ಲ, ಯಾರೂ ಕಲಿಸಿದ್ದಲ್ಲ. ಬರೆದಿಟ್ಟಿರಲೂ ಇಲ್ಲ. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡ ಮೇಲೆ ಅದೇ ಕಿಟಕಿಯ ಬಳಿ ನಿಂತು ನಾನು ಹೇಳುತ್ತಾ ಬಂದಿದ್ದೆ. ‘ಇವರ’ ಎನ್ನುವಲ್ಲಿ ಮಾತ್ರ ನಾಲಿಗೆ ತಡವರಿಸುತ್ತಿತ್ತು. ನನ್ನನ್ನು ಹಾಗೆ ಕರೆಯುವವರು ಇನ್ನು ಯಾರಿದ್ದಾರೆ?

ಈ ಮಾತುಗಳನ್ನು ಕೇಳಿದ್ದ ಕಿವಿಗಳು ನಮ್ಮ ಮನೆಯವೇ. ನನ್ನವು, ಮಗನವು, ಸೊಸೆಯವು. ಮಗ ದೂರದೂರಿಗೆ ಹೋಗುವ ಲಾರಿಯ ಚಾಲಕ. ಮನೆಯಲ್ಲಿರುವ ದಿನ ಹೊತ್ತೇರುವವರೆಗೆ ಮಲಗುತ್ತಾನೆ. ಪಕ್ಕದಲ್ಲಿ ಡೋಲು ಬಾರಿಸಿದರೂ ಏಳುವವನಲ್ಲ. ಉಳಿದವಳು ಸೊಸೆ. ಅವಳು ಕೆಲಸ ಮಾಡುವುದು ಮರದ ಮೇಲೆ, ತಗಡಿನ ಮೇಲೆ ಅಕ್ಷರ ಕೊರೆಯುವ ಕಾರ್ಖಾನೆಯಲ್ಲಿ. ಬಾಗಿಲಿನ ಹೆಸರು ಫಲಕ, ಪದಕ, ಗೋಡೆಗೆ ಹಾಕುವ ಹಲಗೆ, ಎಲ್ಲ ಅಲ್ಲಿ ತಯಾರಾಗುತ್ತವೆ. ಆನ್‌ಲೈನಿನಲ್ಲಿ ಮಾರುವವರೇ ಅವರ ದೊಡ್ಡ ಗಿರಾಕಿಗಳು.

ಇದಕ್ಕಿಂತ ಹೆಚ್ಚು ಯೋಚಿಸುವುದೇನಿತ್ತು? ಅಂಗಡಿಯಿಂದ ಮನೆ ಸೇರುವಷ್ಟರಲ್ಲಿ ಎಲ್ಲವೂ ನನಗೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭವಾಗಿ ಬಿಡಿಸಿಕೊಂಡಿತ್ತು.

ಅಂದಿನಿಂದ ನನ್ನ ಕಣ್ಣು ಅವಳ ಬೆನ್ನು ಬಿಡಲಿಲ್ಲ. ನಾನು ಒಳಗೆ ಬಂದರೆ ಅವಳು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದಳು. ಬಾಲ್ಕನಿಗೆ ಹೋಗಿ ಯಾರಿಗೋ ಉದ್ದುದ್ದ ಬರೆಯುತ್ತಿದ್ದಳು, ಬರೆದು ತುಟಿ ಕಚ್ಚಿಕೊಳ್ಳುತ್ತಿದ್ದಳು. ಸುಟ್ಟ ಮರದ ವಾಸನೆ ಅವಳ ಬಟ್ಟೆಯಿಂದ ಮೊದಲೂ ಬರುತ್ತಿತ್ತು; ಈಗ ಅದು ನನ್ನ ಮೂಗಿಗೆ ಬಡಿಯತೊಡಗಿತು. ಕಾಲಿಗೆ ಹೊಸ ಚಪ್ಪಲಿ ಬಂದಿದ್ದವು. ಹಳೆಯವು ಹರಿದದ್ದನ್ನು ನಾನೇ ಕಂಡಿದ್ದೆ. ಆದರೂ ಹೊಸವನ್ನು ನೋಡಿದಾಗ, ಓಹೋ, ಎಂದುಕೊಂಡೆ.

ನೆಲಹಾಸಿನವರಿಗೆ ಒಂದು ಅಭ್ಯಾಸವುಂಟು. ಕೂರಿಸಿದ ಕಲ್ಲನ್ನು ಮರದ ಹಿಡಿಯಿಂದ ತಟ್ಟಿ ನೋಡುತ್ತೇವೆ. ಅಡಿಯಲ್ಲಿ ಗಾರೆ ತುಂಬಿರದಿದ್ದರೆ ಸದ್ದು ಟೊಳ್ಳಾಗಿ ಬರುತ್ತದೆ. ಸೊಸೆಯನ್ನೂ ಹಾಗೆ ತಟ್ಟಿ ನೋಡೋಣವೆಂದು ಊಟಕ್ಕೆ ಕುಳಿತಾಗ ಮಾತು ತೆಗೆದೆ.

"ಈಗೀಗ ಪ್ರಾರ್ಥನೆ ಹಲಗೆಗಳಿಗೆ ಒಳ್ಳೇ ಗಿರಾಕಿಯಂತಲ್ಲಮ್ಮ?"

ಬಡಿಸುತ್ತಿದ್ದ ಸೌಟು ನಿಂತಿತು. "ಯಾರು ಹೇಳಿದ್ರು ಮಾವ?"

"ಕನ್ನಡಕದವನು."

"ಅವನಿಗೇನು ಕೆಲಸ, ಬಂದವರ ಕಣ್ಣು ನೋಡೋದು ಬಿಟ್ಟು" ಎಂದಳು. ಆಮೇಲೆ ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯಲು ಹೋದಳು.

ಟೊಳ್ಳು, ಎಂದುಕೊಂಡೆ ನಾನು.

ಮರುದಿನದಿಂದ ಪ್ರಾರ್ಥನೆಯನ್ನು ಕಿಟಕಿಯ ಬಳಿ ಹೇಳುವುದು ಬಿಟ್ಟೆ. ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಬಾಯೊಳಗೇ ಹೇಳಿಕೊಂಡೆ, ಉಳಿದದ್ದನ್ನೂ ಯಾರಾದರೂ ಕದ್ದುಕೊಂಡು ಹೋಗುತ್ತಾರೇನೋ ಎಂಬಂತೆ. ದೇವರ ಮುಂದೆ ಕುಳಿತು ಕಿವಿಯನ್ನು ಬಾಗಿಲ ಕಡೆಗೆ ಇಟ್ಟಿರುವುದು ಎಂಥ ಪ್ರಾರ್ಥನೆ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆದರೆ ಕಳವು ಮಾಡಿದವಳು ಅವಳು, ನಾನು ಯಾಕೆ ನಾಚಬೇಕು ಎಂಬ ಮಾತು ಅದರ ಹಿಂದೆಯೇ ಬರುತ್ತಿತ್ತು.

ಸೊಸೆಯೊಡನೆ ಮಾತು ಹೌದು, ಅಲ್ಲ, ಇಡು, ಬೇಡ ಎಂಬಲ್ಲಿಗೆ ಬಂದು ನಿಂತಿತು. ಮಗ ಫೋನು ಮಾಡಿದಾಗ, ಈ ಸಲ ಬಂದರೆ ನಿನ್ನ ಹತ್ತಿರ ಒಂದು ವಿಷಯ ಹೇಳುವುದಿದೆ ಎಂದೆ. ವಿಷಯವನ್ನು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೆ. ನೀವಿಬ್ಬರೂ ಬೇರೆ ಮನೆ ನೋಡಿಕೊಳ್ಳಿ, ಸತ್ತವಳ ಮಾತನ್ನು ಮಾರಿಕೊಂಡವಳ ಕೈಯ ಊಟ ನನಗೆ ಬೇಡ, ಎಂದು ಹೇಳುವುದು. ಹೇಳಿದರೆ ಮಗನೂ ಹೋದಂತೆಯೇ. ಅವನು ಹೆಂಡತಿಯನ್ನು ಬಿಟ್ಟುಕೊಡುವವನಲ್ಲ, ಬಿಟ್ಟುಕೊಡಬಾರದು ಕೂಡ. ಅದೂ ನನಗೆ ಗೊತ್ತಿತ್ತು.

ಆದರೂ ಕಣ್ಣಾರೆ ಕಾಣದೆ ಬಾಯಿ ಬಿಡಬಾರದೆಂದು, ಅವನು ಬರುವ ಹಿಂದಿನ ದಿನ, ಹೇಳದೆ ಕೇಳದೆ ಕಾರ್ಖಾನೆಗೆ ಹೋದೆ. ಉದ್ದನೆಯ ಒಂದೇ ಕೋಣೆ. ಯಂತ್ರದ ಗಾಜಿನ ಮುಚ್ಚಳದಡಿಯಲ್ಲಿ ಕೆಂಪು ಚುಕ್ಕೆಯೊಂದು ಓಡಾಡುತ್ತಾ ಮರದ ಮೇಲೆ ಅಕ್ಷರ ಸುಡುತ್ತಿತ್ತು. ಗೋಡೆಯ ಪಕ್ಕ ನನ್ನ ಎದೆಯ ಎತ್ತರಕ್ಕೆ ಹಲಗೆಗಳನ್ನು ಪೇರಿಸಿದ್ದರು. ಮೇಲಿನದನ್ನು ಓದಿದೆ. ಅದೇ. ಅದರ ಕೆಳಗಿನದೂ ಅದೇ. ಅಷ್ಟೂ ಹಲಗೆಗಳಲ್ಲಿ ನನ್ನ ಮಂಡಿ ಇತ್ತು.

ಯಜಮಾನ ಬಾಯಿಯ ತುಂಬ ಚಹಾ ಇಟ್ಟುಕೊಂಡೇ ಮಾತಾಡುವ ಮನುಷ್ಯ. ಸೊಸೆ ಸಾಮಾನು ತಲುಪಿಸಲು ಹೊರಗೆ ಹೋಗಿದ್ದಾಳೆಂದ. ನಾನು ಹಲಗೆಯನ್ನು ತೋರಿಸಿ, ಈ ಮಾತು ಎಲ್ಲಿಂದ ಬಂತು ಎಂದೆ. ಮಾರುವವರು ಕಂಪ್ಯೂಟರಿನಲ್ಲಿ ಕಳಿಸುತ್ತಾರೆ, ನಾವು ಕೊರೆದುಕೊಡುತ್ತೇವೆ, ಅದು ಅವರದೋ ಅವರ ಮುತ್ತಜ್ಜನದೋ ನಮಗೇನು ಎಂದ. ಆಮೇಲೆ ನಕ್ಕು, "ನಿಮ್ಮ ಸೊಸೆಗೆ ಮಾತ್ರ ಈ ಹಲಗೆ ಕಂಡ್ರೆ ಆಗಲ್ಲ ನೋಡಿ. ನಾನು ಇದನ್ನ ಮುಟ್ಟಲ್ಲ ಅಂತ ಹಟ ಹಿಡಿದು ಪದಕದ ಕಡೆ ಹೋಗಿ ಕೂತಿದ್ದಾಳೆ. ದೇವರ ಮೇಲೆ ಏನಾದ್ರೂ ಮುನಿಸಾ?" ಎಂದ.

ಇನ್ನೊಬ್ಬನಾಗಿದ್ದರೆ ಅಲ್ಲೇ ತಣ್ಣಗಾಗುತ್ತಿದ್ದ. ನಾನು ಅದನ್ನೂ ನನ್ನ ಲೆಕ್ಕಕ್ಕೇ ಸೇರಿಸಿಕೊಂಡೆ. ಕದ್ದವರು ಕದ್ದ ಸಾಮಾನಿನ ಮುಂದೆ ಕೂರಲು ಹೆದರುತ್ತಾರೆ, ಅಷ್ಟೇ, ಎಂದುಕೊಂಡು ಹೊರಟುಬಂದೆ.

ಸಂಜೆ ಅವಳು ಮಾಮೂಲಿಗಿಂತ ಬೇಗ ಬಂದಳು. ಚೀಲವನ್ನು ಕೆಳಗಿಡದೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನಾನು ಮೇಜಿನ ಬಳಿ ಕುಳಿತಿದ್ದೆ.

"ಅಲ್ಲಿಗೆ ಬಂದಿದ್ರಂತೆ."

"ಬಂದಿದ್ದೆ."

"ನನ್ನನ್ನೇ ಕೇಳಬಹುದಿತ್ತು ಮಾವ."

"ಈಗ ಕೇಳ್ತಿದ್ದೀನಿ. ಅವಳ ಪ್ರಾರ್ಥನೆ ಹೊರಗೆ ಕೊಟ್ಟಿದ್ದು ನೀನೇನಾ?"

ಅಲ್ಲ ಎನ್ನುತ್ತಾಳೆಂದು ಕಾದಿದ್ದೆ. ಅಲ್ಲ ಎಂದರೆ ಹೇಳಬೇಕಾದದ್ದನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ.

"ಹೌದು," ಎಂದಳು. "ಕಳಿಸಿದ್ದು ನಾನೇ."

ಆಮೇಲೆ ಅವಳು ಹೇಳಿದ್ದು ಇಷ್ಟು. ಆಸ್ಪತ್ರೆಯಲ್ಲಿ ನನ್ನ ಹೆಂಡತಿಯ ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸಿದ್ದಳು. ನನಗೂ ನೆನಪಿದೆ, ಸೊಂಟದ ಮೂಳೆ ಮುರಿದವಳು. ಆಪರೇಷನ್ನಿಗೆ ಕರೆದೊಯ್ಯುವ ದಿನ ಅವಳು ಹೆದರಿ ನಡುಗುತ್ತಿದ್ದಳಂತೆ. ನನ್ನ ಹೆಂಡತಿ ಅವಳ ಕೈ ಹಿಡಿದು ಪ್ರಾರ್ಥನೆ ಹೇಳಿದಳಂತೆ. ಇನ್ನೊಮ್ಮೆ ಹೇಳಿ, ಮತ್ತೊಮ್ಮೆ ಹೇಳಿ ಎಂದು ಆಕೆ ಬಿಡಲೇ ಇಲ್ಲ. ನನ್ನ ಹೆಂಡತಿಗೆ ಆ ಹೊತ್ತಿಗೆ ಮತ್ತೆ ಮತ್ತೆ ಹೇಳುವಷ್ಟು ಉಸಿರಿರಲಿಲ್ಲ. ಸೊಸೆಯನ್ನು ಕರೆದು, ಇದನ್ನು ನಿನ್ನ ಮೊಬೈಲಿನಲ್ಲಿ ಹಿಡಿದು ಅವಳಿಗೆ ಕಳಿಸು, ಬೇಕಾದಾಗ ಕೇಳಿಕೊಳ್ಳಲಿ ಎಂದಳಂತೆ.

"ಮಂಡಿ ವಿಷಯ ಬಿಟ್ಟು ಹೇಳಿ ಅತ್ತೆ, ಅವರದ್ದು ಸೊಂಟ ಅಂದೆ. ಮಂಡಿ ತೆಗೆದ್ರೆ ಪ್ರಾರ್ಥನೆ ಕುಂಟುತ್ತೆ ಕಣೇ ಅಂದ್ರು."

ಆ ಮಾತು ನನ್ನ ಹೆಂಡತಿಯದೇ. ಬೇರೆ ಯಾರೂ ಹಾಗೆ ಹೇಳುವವರಲ್ಲ.

ಮಾವನಿಗೆ ಹೇಳಬೇಡ ಎಂದೂ ಅತ್ತೆ ಹೇಳಿದ್ದರಂತೆ. ತಮ್ಮ ಕಾಲಿನ ಸುದ್ದಿ ಊರಿಗೆಲ್ಲ ಡಂಗುರ ಹೊಡೆದೆ ಅಂತ ಮುನಿಸಿಕೊಳ್ಳುತ್ತಾರೆ ಎಂದು. ಆ ಹೆಂಗಸು ಗುಣವಾಗಿ ಮನೆಗೆ ಹೋಗಿ, ಕೇಳಿದ್ದನ್ನು ಬರೆದು ನೆಂಟರಿಷ್ಟರಿಗೆ ಕಳಿಸಿದಳು. ಅದರ ಕೆಳಗೆ ನನ್ನ ಹೆಂಡತಿಯ ಹೆಸರಿತ್ತು. ಕೈಯಿಂದ ಕೈಗೆ ಹೋಗುತ್ತಾ ಹೆಸರು ಎಲ್ಲೋ ಉದುರಿಹೋಯಿತು. ಒಂದು ದಿನ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಹೊಸ ಆರ್ಡರು ಬಂತೆಂದು ಸೊಸೆ ತೆರೆದು ನೋಡಿದರೆ ಅತ್ತೆಯ ಮಾತು. ಅವಳು ಮಾರುವವರಿಗೆ ಬರೆದಳು. ಇದು ನಮ್ಮ ಅತ್ತೆಯದು, ಅವರು ಇದನ್ನು ಪುಕ್ಕಟೆ ಕೊಟ್ಟರು, ನೀವು ಮಾರುತ್ತಿದ್ದೀರಿ, ಹೆಸರನ್ನಾದರೂ ಹಾಕಿ ಎಂದು. ಇದು ಪುರಾತನ ಪ್ರಾರ್ಥನೆ, ಯಾರ ಸ್ವತ್ತೂ ಅಲ್ಲ ಎಂದು ಉತ್ತರ ಬಂತು. ಮತ್ತೆ ಬರೆದಳು. ಆಗ, ನಿಮ್ಮ ಅತ್ತೆಯವರ ಬೇರೆ ಪ್ರಾರ್ಥನೆಗಳಿದ್ದರೆ ಅವನ್ನೂ ಕಳಿಸಿ, ಒಳ್ಳೆಯ ಬೇಡಿಕೆಯಿದೆ ಎಂದರಂತೆ. ಇವಳು ಬಾಯಿಗೆ ಬಂದದ್ದನ್ನು ಬರೆದಳು. ಅಲ್ಲಿಂದ ಉತ್ತರವೇ ಇಲ್ಲ.

"ನಿಮಗೆ ಹೇಗೆ ಹೇಳಲಿ? ಅತ್ತೆ ಬೇಡ ಅಂದಿದ್ರು. ಹೇಳಿದ್ರೂ ಕಷ್ಟ, ಕಳಿಸಿದವಳು ನಾನೇ ಅಲ್ವಾ?"

ಎಲ್ಲವೂ ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿತು. ಬೋರಲು ಹಾಕಿದ ಮೊಬೈಲು, ಬಾಲ್ಕನಿ, ಪದಕದ ಮೇಜು. ಇಷ್ಟು ದಿನ ಅನುಮಾನಕ್ಕೆ ಒಗ್ಗಿದ ಮನಸ್ಸು ಹೇಗಿರುತ್ತದೆ ನೋಡಿ: ಇಷ್ಟೊಂದು ನೆಟ್ಟಗೆ ಹೊಂದಿಕೊಳ್ಳುವುದಾದರೂ ಹೇಗೆ ಎಂದೇ ನನಗೆ ಮೊದಲು ತೋಚಿತು. ಮಧ್ಯಾಹ್ನದಿಂದ ಸಂಜೆಯವರೆಗೆ ಕಥೆ ಕಟ್ಟಲು ಅವಳಿಗೆ ಸಮಯವಿತ್ತು. ಮಂಡಿ ತೆಗೆದರೆ ಕುಂಟುತ್ತದೆ ಎಂಬ ಮಾತನ್ನೂ, ಅತ್ತೆಯ ಜೊತೆ ಅಷ್ಟು ವರ್ಷ ಬಾಳಿದವಳು, ಕಟ್ಟಬಲ್ಲಳು.

ಅವಳು ನನ್ನ ಮುಖ ನೋಡಿದಳು. ಅದರಲ್ಲಿ ಏನಿತ್ತೋ ಅದನ್ನು ಓದಿಕೊಂಡಳು.

"ನಂಬಿಕೆ ಬರಲಿಲ್ಲ ಅಲ್ವಾ? ಅವತ್ತಿನ ಅತ್ತೆ ಧ್ವನಿ ಇನ್ನೂ ಇದರಲ್ಲೇ ಇದೆ. ನಾನು ಕೇಳಿದ್ದು, ಅವರು ಹೇಳಿದ್ದು, ಎಲ್ಲ ಇದೆ. ಹಾಕ್ಲಾ?"

ಮೊಬೈಲನ್ನು ಮೇಜಿನ ಮೇಲಿಟ್ಟು ಹೆಬ್ಬೆರಳನ್ನು ಅದರ ಮೇಲೆ ಹಿಡಿದಳು.

ನನ್ನ ಹೆಂಡತಿಯ ಧ್ವನಿ ಈ ಲೋಕದಲ್ಲಿ ಇನ್ನೂ ಉಳಿದಿದೆಯೆಂಬುದೇ ನನಗೆ ತಿಳಿದಿರಲಿಲ್ಲ. ಮಣ್ಣಿಗೆ ಹೋದದ್ದೆಲ್ಲ ಹೋಯಿತು ಎಂದುಕೊಂಡಿದ್ದೆ. ಈಗ ಅದು ಒಂದು ಅಂಗೈ ದೂರದಲ್ಲಿ, ಸೊಸೆಯ ಬೆರಳಡಿಯಲ್ಲಿ ಇತ್ತು. ಹಾಕು ಎಂದು ಬಾಯಿ ತೆರೆದೇಬಿಟ್ಟಿದ್ದೆ. ಆದರೆ ಕೇಳುವುದಾದರೆ ಯಾತಕ್ಕೆ ಕೇಳುತ್ತಿದ್ದೆ? ನನ್ನ ಕಿವಿ ಅವಳ ಧ್ವನಿಯನ್ನಲ್ಲ, ಸೊಸೆಯ ಮಾತಿನಲ್ಲಿ ಸುಳ್ಳಿದೆಯೇ ಎಂಬುದನ್ನು ಹುಡುಕುತ್ತಿತ್ತು. ಸತ್ತವಳನ್ನು ಎಬ್ಬಿಸಿ ತಂದು ಮೇಜಿನ ಮುಂದೆ ನಿಲ್ಲಿಸಿ, ಇವಳು ಹೇಳಿದ್ದು ನಿಜವೇನೇ ಎಂದು ಕೇಳಿದಂತೆ ಆಗುತ್ತಿತ್ತು.

"ಬೇಡ," ಎಂದೆ.

"ಯಾಕೆ?"

"ಈಗ ಕೇಳಿದ್ರೆ ಅದು ಸಾಕ್ಷಿ ಕೇಳಿದ ಹಾಗಾಗುತ್ತಮ್ಮ. ಅವಳ ಧ್ವನಿನ ಹಾಗೆ ಕೇಳೋಕೆ ನನಗಿಷ್ಟ ಇಲ್ಲ. ನೀನು ಹೇಳಿದ್ದು ಸಾಕು."

ಅವಳು ಕಣ್ಣು ಒರೆಸಿಕೊಂಡು, "ಅತ್ತೆ ಇದ್ದಿದ್ರೆ ಇವತ್ತು ನಿಮಗೆ ಸರಿಯಾಗಿ ಮಂಗಳಾರತಿ ಆಗ್ತಿತ್ತು" ಎಂದಳು.

"ನಿನಗೂ ತಪ್ಪುತ್ತಿರಲಿಲ್ಲ," ಎಂದೆ. ಬಹಳ ದಿನಗಳ ಮೇಲೆ ಆ ಅಡುಗೆಮನೆಯಲ್ಲಿ ಇಬ್ಬರೂ ಒಟ್ಟಿಗೆ ಮೂಗು ಸೀಟಿದೆವು.

ಮಗ ಮರುದಿನ ಬಂದ. ಏನೋ ವಿಷಯ ಅಂದಿದ್ದೆಯಲ್ಲ ಅಪ್ಪ ಎಂದ. ಅಮ್ಮನ ಮಾತನ್ನು ಹೆಸರಿಲ್ಲದೆ ಮಾರುತ್ತಿದ್ದಾರೆ, ನಿನ್ನ ಹೆಂಡತಿ ಒಬ್ಬಳೇ ಅವರ ಜೊತೆ ಜಗಳವಾಡಿ ಸುಸ್ತಾಗಿದ್ದಾಳೆ, ಇನ್ನು ಮೇಲೆ ನಾವು ಮೂವರೂ ಸೇರಿ ಜಗಳವಾಡೋಣ ಎಂದೆ. ಬೇರೆ ಮನೆಯ ಮಾತು ನನ್ನ ಹೊಟ್ಟೆಯಲ್ಲೇ ಉಳಿಯಿತು. ಮಾರುವವರಿಗೆ ಮೂವರ ಹೆಸರಿನಲ್ಲೂ ಬರೆದೆವು. ಅವರು ಇನ್ನೂ ಮಾರುತ್ತಲೇ ಇದ್ದಾರೆ. ನಾವು ಬರೆಯುತ್ತಲೇ ಇದ್ದೇವೆ.

ತಾಯಿಯ ಧ್ವನಿಯನ್ನು ಮಗ ಕೇಳಿದ. ಒಳಗೆ ಬಾಗಿಲು ಹಾಕಿಕೊಂಡು ಕೇಳಿ, ಹೊರಗೆ ಬಂದು, ನನ್ನ ಪಕ್ಕದಲ್ಲಿ ಕುಳಿತ. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಅವನ ಮುಖದಲ್ಲಿ ಉತ್ತರ ಹುಡುಕಬಾರದೆಂದು ಕಿಟಕಿಯಾಚೆ ನೋಡುತ್ತಿದ್ದೆ. ಆದರೂ ಒಮ್ಮೆ ತಿರುಗಿ ನೋಡಿದೆ.

ಬೇಕಾದಾಗ ಹೇಳಿ ಮಾವ, ಹಾಕುತ್ತೇನೆ ಎಂದು ಸೊಸೆ ಹೇಳಿದ್ದಾಳೆ. ಕೇಳಬೇಕೆಂಬ ಆಸೆ ದಿನವೂ ಇದೆ. ಪರೀಕ್ಷಿಸಿ ನೋಡಬೇಕೆಂಬ ಇನ್ನೊಂದು ಆಸೆ ಅದರ ಬಾಲ ಹಿಡಿದುಕೊಂಡೇ ಬರುತ್ತದೆ, ಮೊದಲಿನಷ್ಟಿಲ್ಲ, ಆದರೆ ಪೂರ್ತಿ ಹೋಗಿಲ್ಲ. ಅದು ಹೋದ ದಿನ ಅವಳನ್ನು ಕರೆದು, ಹಾಕಮ್ಮ ಎನ್ನುತ್ತೇನೆ. ಬೇಗ ಹೋಗಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತಿದ್ದೇನೆ.