ಬಿಳಿ ಕಾರಿಗೊಂದು ದೃಷ್ಟಿಬೊಟ್ಟು

ಪಾರಿವಾಳದ್ದೇ ಇದು, ಬೇರೆ ಹಕ್ಕಿಯದಾಗಿದ್ದರೆ ಹಿಕ್ಕೆಯಲ್ಲಿ ಹಣ್ಣಿನ ಬೀಜ ಇರುತ್ತಿತ್ತು, ಇದು ಬರೀ ಸುಣ್ಣದ ಹಾಗೆ ಒಣಗಿದೆ, ಬಾನೆಟ್ಟಿನ ನಟ್ಟನಡುವೆ, ಆದರೂ ನಾನು ಉಜ್ಜುವುದಿಲ್ಲ, ಉಜ್ಜಿದರೆ ಬಣ್ಣ ಹೋಯಿತೆಂದೇ ಲೆಕ್ಕ, ಒದ್ದೆ ಬಟ್ಟೆ ಹಾಸಿ ಬಿಡಬೇಕು, ನೆನೆದು ತಾನಾಗಿ ಸಡಿಲಾಗಬೇಕು, ಆಮೇಲೆ ಮೆಲ್ಲಗೆ ಎತ್ತಬೇಕು, ಅಷ್ಟೇ — ಮುಂಡಗೋಡಿನಲ್ಲಿ ಬಯಲಲ್ಲಿ ನಿಲ್ಲುವ ಕಾರುಗಳಲ್ಲಿ ನನ್ನದರಷ್ಟು ಹೊಳೆಯುವುದು ಇನ್ನೊಂದಿಲ್ಲ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಶೆಡ್ಡು ಹಾಕ್ಸವಾ ಮಹೆಜಬೀನ, ಬಿಸಿಲಿಗೆ ಬಣ್ಣ ಸುಟ್ಟು ಹೋಗತೈತಿ ಎನ್ನುತ್ತಾರೆ ಎದುರುಮನೆಯ ಮಹಾಬಳೇಶ್ವರ ಮಾಸ್ತರರು, ಎಲ್ಲಿ ಹಾಕಿಸಲಿ, ನಮ್ಮ ಹೊಸ್ತಿಲು ದಾಟಿದರೆ ರಸ್ತೆ, ಅವರ ಕಾರನ್ನೇ ನೋಡಲಿ, ಗೋವಿನಜೋಳದ ಒಕ್ಕಣೆ ಶುರುವಾದರೆ ಟಿಬೆಟನ್ ಕಾಲೊನಿ ಕಡೆಯಿಂದ ಬರುವ ಧೂಳು ಕಾರಿನ ಮೇಲೆ ಕೂತಿರುತ್ತದೆ, ಅದರ ಮೇಲೆಯೇ ಕವರ್ ಎಳೆದು ನಿಶ್ಚಿಂತೆಯಿಂದ ಒಳಗೆ ಹೋಗುತ್ತಾರೆ, ಗಾಳಿ ಬೀಸಿದಾಗಲೆಲ್ಲ ಕವರ್ ಅಲುಗಾಡಿ ಮರಳು ಕಾಗದದಿಂದ ತಿಕ್ಕಿದಂತಾಗುತ್ತದೆ, ಮೊದಲು ನೀರು ಬಿಡಬೇಕು, ಒರೆಸಬೇಕು, ಆಮೇಲೆ ಕವರ್, ಮತ್ತೆ ಸಾಗವಾನಿ ಮರದ ಕೆಳಗೆ ಸತ್ತರೂ ನಿಲ್ಲಿಸಬಾರದು, ದಾಂಡೇಲಿಗೆ ಬಾಡಿಗೆ ಹೋದಾಗ ನೆರಳು ಎಂದು ನಿಲ್ಲಿಸಿದ್ದೆ, ಎಳೆ ಎಲೆ ಹಿಸುಕಿ ಕೆಂಪು ಇಳಿದು, ಬಾಗಿಲಿಗೆ ಯಾರೋ ಗಾಯದ ಕೈ ಒರೆಸಿದ ಹಾಗೆ ಕಾಣುತ್ತಿತ್ತು, ಅದನ್ನೂ ತೆಗೆದೆ, ಈ ಕೈಯಿಂದಲೇ ತೆಗೆದೆ.

ಅಮ್ಮಿ ಇನ್ನೂ ಹೊರಗೆ ಬಂದಿಲ್ಲ, ಒಳಗೆ ಎಣ್ಣೆ ಸುಟ್ಟ ವಾಸನೆ, ಕಾಡಿಗೆ ಹಿಡಿಯುತ್ತಿದ್ದಾಳೆ, ಹಿಡಿಯಲಿ, ಇವತ್ತು ಅದಕ್ಕೂ ನನ್ನ ಹತ್ತಿರ ಉಪಾಯವಿದೆ — ಅವಳ ಎರಡೂ ಕಣ್ಣಿಗೆ ಪೊರೆ, ಹುಬ್ಬಳ್ಳಿ ಡಾಕ್ಟರರು ಆಪರೇಶನ್ನಿಗೆ ತಡ ಮಾಡಬ್ಯಾಡ್ರಿ ಎಂದು ಹೇಳಿ ಮಳೆಗಾಲವೇ ಮುಗಿಯಿತು, ಬಸ್ಸು ಹತ್ತಿದರೆ ವಾಂತಿ, ನನ್ನ ಕಾರು ಹತ್ತುವುದಿಲ್ಲ, ದೃಷ್ಟಿಬೊಟ್ಟಿಲ್ಲದ ಗಾಡಿ ನಾ ಹತ್ತೂದಿಲ್ಲ ಬೇಟಾ ಅಂದರೆ ಮುಗಿಯಿತು, ಹೋದ ಸಲ ಹಚ್ಚಲು ಬಿಟ್ಟೆ, ಅವಳು ಬುರ್ಖಾ ಹಾಕಿಕೊಳ್ಳಲು ಒಳಗೆ ಹೋದಾಗ ಒರೆಸಿಬಿಟ್ಟೆ, ಬಿಳಿ ಬಣ್ಣ, ಮೇಲೆ ಬಿಸಿಲು, ಎಣ್ಣೆ ಕಾಡಿಗೆ ಒಣಗಿ ಕೂತರೆ ಕಲೆ ಹೋಗುತ್ತದೆಯೇ, ಕಣ್ಣು ಕಾಣದವಳಿಗೆ ಏನು ಗೊತ್ತಾಗುತ್ತದೆ ಎಂದುಕೊಂಡರೆ ಬಂದವಳೇ ಕೈಯಾಡಿಸಿ ನೋಡಿದಳು, ಒರಿಸಿದಿ ಅಲಾ ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು, ಅಷ್ಟು ಹಟ, ಯಾಕೆಂದು ನನಗೆ ಗೊತ್ತಿಲ್ಲದ್ದೇನಲ್ಲ, ತಮ್ಮ ಅರ್ಬಾಜ, ಅವನ ಹೊಸ ಬೈಕು, ತಂದ ದಿನವೇ ಹಳಿಯಾಳದ ರಸ್ತೆಯಲ್ಲಿ ಲಾರಿ, ಅಲ್ಲೇ ತೀರಿಹೋದ, ಅಂದು ಅಮ್ಮಿ ಬೊಟ್ಟು ಹಚ್ಚಲು ಮರೆತಳಂತೆ, ಇಡೀ ಓಣಿ ಹಾಗೇ ಮಾತಾಡಿತು, ಅವಳೂ ಒಂದು ದಿನವೂ ಇಲ್ಲ ಎನ್ನಲಿಲ್ಲ, ನಾನು ಮಾತ್ರ ಹೇಳುತ್ತಲೇ ಬಂದಿದ್ದೇನೆ, ಬೊಟ್ಟಲ್ಲ ಅಮ್ಮಿ, ತಲೆಗೆ ಹೆಲ್ಮೆಟ್ ಇರಲಿಲ್ಲ, ಅಷ್ಟೇ, ಈಗಲೂ ಅದೇ ಹೇಳುತ್ತೇನೆ, ಆದರೆ ನನಗೆ ಅವಳ ಕಣ್ಣು ಬೇಕು, ನನ್ನ ಮುಖ ಅವಳಿಗೆ ಕಾಣಬೇಕು, ಈಗ ನಾನು ಮಾತಾಡಿದ ಮೇಲೆಯೇ ನನ್ನ ಕಡೆ ತಿರುಗುತ್ತಾಳೆ, ನನಗೆ ಅದು ಸಹಿಸಲಾಗುವುದಿಲ್ಲ, ಅದಕ್ಕೇ ಟೈರು, ಕರಿ ಟೈರಿಗೆ ಕರಿ ಬೊಟ್ಟು, ಒರೆಸುವ ಕೆಲಸವೂ ಇಲ್ಲ, ಅವಳೂ ಗೆದ್ದಳು, ನನ್ನ ಬಣ್ಣವೂ ಗೆದ್ದಿತು, ಇಷ್ಟು ಸುಲಭದ್ದು ಮೊದಲೇ ಯಾಕೆ ಹೊಳೆಯಲಿಲ್ಲವೋ.

ಬಟ್ಟೆ ಎತ್ತಿದೆ, ಹಿಕ್ಕೆ ಪೂರ್ತಿ ಬಂತು, ಒಂದು ಗೆರೆಯೂ ಇಲ್ಲ, ಭೇಷ್ ಮಹೆಜಬೀನ, ಅಷ್ಟರಲ್ಲಿ ಅಮ್ಮಿ ಬಂದೇಬಿಟ್ಟಳು, ಎಡಗೈ ಗೋಡೆಗೆ, ಬಲಗೈಯ ಬೆರಳು ಮೇಲಕ್ಕೆ, ತುದಿಯಲ್ಲಿ ಕಾಡಿಗೆ, ಈ ಸಲ ಒರಿಸಬ್ಯಾಡ ಎನ್ನುತ್ತಾಳೆ, ಇಲ್ಲಮ್ಮಿ, ಒರಿಸೂದಿಲ್ಲ, ಆದ್ರ ಟೈರಿಗೆ ಹಚ್ಚು, ಕೂಸಿಗೆ ಅಂಗಾಲಿಗೂ ಹಚ್ತಾರಲ್ಲ, ಟೈರಂದ್ರ ಗಾಡಿ ಅಂಗಾಲ ಅಲ್ಲೇನು, ನನ್ನ ಮಾತನ್ನು ನಾನೇ ಮೆಚ್ಚಿಕೊಂಡೆ, ಅವಳು ವಾದಿಸುತ್ತಾಳೆಂದು ಕಾದೆ, ವಾದಿಸಲಿಲ್ಲ, ನನ್ನ ಭುಜ ಹಿಡಿದು ಮೊಣಕಾಲು ಮಡಚಿ ಕುಳಿತಳು, ಬೆರಳು ರಬ್ಬರಿನ ಹತ್ತಿರ ಹೋಗಿ ನಿಂತಿತು, ಅವನೂ ಹಿಂಗ ಅಂದಿದ್ದ ಎನ್ನುತ್ತಾಳೆ, ಯಾರಮ್ಮಿ, ಅರ್ಬಾಜ, ಬಣ್ಣ ಕೆಡತೈತಿ ಅಮ್ಮಿ, ಟೈರಿಗೆ ಹಚ್ಚು ಅಂದ, ನಾನೂ ಟೈರಿಗೇ ಹಚ್ಚಿದ್ನಿ — ಮರೆತಿರಲಿಲ್ಲ, ಹಚ್ಚಿದ್ದಳು, ಇಷ್ಟು ವರ್ಷ ಓಣಿಯ ಮಾತು ಕೇಳಿಕೊಂಡು ಸುಮ್ಮನಿದ್ದಳು, ತಪ್ಪು ಅವನ ಮೇಲೆ ಬರಬಾರದೆಂದು, ಹೆಲ್ಮೆಟ್ ಎನ್ನಬೇಕಾದವಳು ನಾನು, ಒದ್ದೆ ಬಟ್ಟೆ ಹಿಂಡುತ್ತಿದ್ದೇನೆ, ಅವಳು ಇಲ್ಲಿಯೇ ಹಚ್ಚಲೇನು ಎಂದು ಕೇಳುತ್ತಿದ್ದಾಳೆ, ಹಚ್ಚುತ್ತಾಳೆ ಕೂಡ, ನಾನು ಹೂಂ ಅಂದರೆ ಹಚ್ಚುತ್ತಾಳೆ, ಆ ಮಣಿಕಟ್ಟು ಹಿಡಿದೆ, ಎಬ್ಬಿಸಿದೆ, ಈಗಷ್ಟೇ ಒರೆಸಿದ ಬಾನೆಟ್ಟಿನ ನಡುವೆ ತಂದೆ, ಇಲ್ಲೆ ಹಚ್ಚಮ್ಮಿ, ಒತ್ತಿ ಹಚ್ಚು, ಅವಳು ಒತ್ತುತ್ತಿಲ್ಲ, ಬಣ್ಣ ಕೆಡತೈತಿ ಬೇಟಾ ಎನ್ನುತ್ತಿದ್ದಾಳೆ, ಬಿಳಿಯ ಮೇಲೆ ಬೆರಳು, ಕಪ್ಪು ತುದಿಯ ಬೆರಳು, ಇನ್ನೂ ತಾಗದ ಬೆರಳು.