ಡಾಕ್ಟರು ಬರುವ ಮೊದಲೇ ತೆಗೆದ ಗಂಟು

ನಾಲ್ಕು ಹಸು ಕಟ್ಟಿ ಹಾಲು ಮಾರುತ್ತಿದ್ದ ಅಕ್ಕನ ಕೊಟ್ಟಿಗೆಯಲ್ಲಿ ಮುದಿ ಹಸುವೊಂದು ಎಷ್ಟು ತಿಂದರೂ ಬಡಕಲಾಗುತ್ತಿತ್ತು. ಬೆಳಗಾದರೆ ಕೆಮ್ಮು. ಹಾಲೂ ಬತ್ತಿತು.

ಅವಳ ತಮ್ಮ, ಕಸಾಯಿಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಕತ್ತಿ ಹಿಡಿದವನು. "ನೀನೇ ಕರ್ಕೊಂಡು ಹೋಗೋ, ನನ್ನ ಕೈಲಿ ಇನ್ನು ಸಾಕೋಕಾಗಲ್ಲ" ಎಂದಳು ಅಕ್ಕ.

ಕಸಾಯಿಖಾನೆಯಲ್ಲಿ ಅವನು ಅದರ ಎದೆಗೂಡು ಬಿಚ್ಚಿದಾಗ ಶ್ವಾಸಕೋಶದ ಬುಡದಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಂಟು ಕಂಡಿತು. ಕೊಯ್ದರೆ ಒಳಗೆಲ್ಲ ಹಳದಿ. ಕತ್ತಿಗೆ ಮರಳು ಸಿಕ್ಕಂತೆ ಕರಕರ ಎಂದಿತು.

ಪಕ್ಕದಲ್ಲಿ ಚರ್ಮ ಸುಲಿಯುತ್ತಿದ್ದ ತಾತ ಬಗ್ಗಿ ನೋಡಿದ. "ಮುಟ್ಬೇಡಪ್ಪ. ಡಾಕ್ಟ್ರಮ್ಮ ನೋಡ್ಲಿ."

"ಅವ್ರು ನೋಡಿದ್ರೆ ಅಕ್ಕನ ಬಾಗಿಲಿಗೇ ಬರ್ತಾರೆ ತಾತ. ಆಮೇಲೆ ಅವಳ ಹಾಲು ಯಾರು ಕೊಳ್ತಾರೆ?"

"ಆ ಹಾಲು ಯಾರು ಕುಡೀತಾರೆ ಅಂತ ಯೋಚ್ನೆ ಮಾಡಿದ್ಯಾ?"

"ಇಂಥವು ಎಷ್ಟು ಕೊಯ್ದಿದೀನಿ, ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ತಲೇನೂ ಹಾಗೇ ಇದೆ."

ಅವನು ಗಂಟನ್ನು ಕಿತ್ತು ಕಸದ ಜೊತೆ ಸುಡಲು ಹಾಕಿದ. ಯಾರ ಹಸು ಎಂದು ಗುರುತು ಹೇಳುವ ಕಿವಿಯ ಬಿಲ್ಲೆಯನ್ನೂ ಹಾಕಿದ. ಎದೆಗೂಡನ್ನು ಕೆರೆದು, ನೀರು ಬಿಟ್ಟು ಫಳಫಳ ತೊಳೆದ.

ಮಾಂಸ ಪರೀಕ್ಷೆ ಮಾಡುವ ಪಶುವೈದ್ಯೆ ಬಂದರು. ಕೈಗವಸು ಹಾಕಿಕೊಳ್ಳುತ್ತ ಅಲ್ಲೇ ನಿಂತರು.

"ಎಲ್ಲ ಹಸುಗೂ ಇಲ್ಲೊಂದು ಗ್ರಂಥಿ ಇರುತ್ತೆ. ಎಲ್ಲಪ್ಪ ಅದು?"

"ಗಲೀಜಾಗಿತ್ತು ಮೇಡಂ. ಚೊಕ್ಕಟ ಮಾಡ್ದೆ."

"ನಾನು ನೋಡಬೇಕಾದ್ದನ್ನೇ ಚೊಕ್ಕಟ ಮಾಡಿದೀಯಲ್ಲ! ಯಾರ ಹಸು ಇದು?"

"ಸಂತೇಲಿ ಸಿಕ್ಕಿದ್ದು. ಗೊತ್ತಿಲ್ಲ."

"ಗಂಟು ನೋಡಿದ್ರೆ ಅನುಮಾನ ಪಡಬಹುದು ಅಷ್ಟೆ. ಟಿ.ಬಿ. ಹೌದೋ ಅಲ್ವೋ ಅನ್ನೋದನ್ನ ಲ್ಯಾಬೇ ಹೇಳ್ಬೇಕು. ಹೌದು ಅಂದ್ರೆ ಅದರ ಜೊತೆ ಇದ್ದ ಹಸುಗಳನ್ನೂ ಪರೀಕ್ಷೆ ಮಾಡ್ತೀವಿ. ಈಗ ಲ್ಯಾಬಿಗೆ ಏನು ಕಳಿಸ್ಲಿ? ಯಾವ ಕೊಟ್ಟಿಗೆ ಹುಡುಕ್ಲಿ?"

ಅವನು ಬಗ್ಗಿ ನೆಲ ತೊಳೆಯತೊಡಗಿದ. ಅವರು ಆ ಮಾಂಸಕ್ಕೆ ತಿನ್ನಲು ಯೋಗ್ಯ ಎಂಬ ಮುದ್ರೆ ಒತ್ತಲಿಲ್ಲ. ಇಡೀ ಹಸು ಗುಂಡಿಗೆ ಹೋಯಿತು.

ನಾಲ್ಕು ತಿಂಗಳ ಮೇಲೆ ಅಕ್ಕನ ಎಂಟು ವರ್ಷದ ಮಗಳ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು. ನೋವಿಲ್ಲ, ಆದರೆ ಸಂಜೆಯಾದರೆ ಮೈ ಬಿಸಿ. ಆಸ್ಪತ್ರೆಯಲ್ಲಿ ಗಡ್ಡೆಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಟಿ.ಬಿ.

"ಹಸುವಿನ ಟಿ.ಬಿ. ಹಾಲಿನಿಂದಲೂ ಬರುತ್ತೆ. ಮಗು ಹಸಿ ಹಾಲು ಕುಡಿಯುತ್ತಾ?" ಎಂದು ಡಾಕ್ಟರು ಕೇಳಿದರು.

"ದಿನಾ ಬೆಳಿಗ್ಗೆ ನೊರೆಹಾಲು ಕೊಡ್ತೀನಿ. ನಮ್ಮನೇದೇ" ಎಂದಳು ಅಕ್ಕ, ಹೆಮ್ಮೆಯಿಂದ.

ಬಾಗಿಲ ಬಳಿ ನಿಂತಿದ್ದ ತಮ್ಮನಿಗೆ ಅದು ಕೇಳಿಸಿತು. ಅವತ್ತೇ ಪಶುವೈದ್ಯೆಯ ಹತ್ತಿರ ಹೋಗಿ ಎಲ್ಲ ಹೇಳಿದ. ಉಳಿದ ಮೂರು ಹಸುಗಳ ಕುತ್ತಿಗೆಗೆ ಪರೀಕ್ಷೆಯ ಸೂಜಿ ಹಾಕಿ, ಮೂರನೇ ದಿನ ಊತ ಅಳೆದರು. ಎರಡಕ್ಕೆ ರೋಗವಿತ್ತು.

"ನಿನಗೆ ಗೊತ್ತಿತ್ತೇನೋ?" ಎಂದಳು ಅಕ್ಕ.

"ಟಿ.ಬಿ. ಅಂತ ಗೊತ್ತಿರ್ಲಿಲ್ಲ ಅಕ್ಕ. ಏನೋ ಇದೆ ಅಂತ ಗೊತ್ತಿತ್ತು. ನಿನ್ನ ಹೆಸರು ಕೆಡಬಾರ್ದು ಅಂತ..."

"ನನ್ನ ಹೆಸರು ಉಳೀತಲ್ಲ. ನೋಡು, ಮಗಳ ಆಸ್ಪತ್ರೆ ಚೀಟೀಲಿ ತಾಯಿ ಅನ್ನೋ ಕಡೆ ಬರ್ದಿದಾರೆ."

ಅವನು ಅಂದೇ ನಿಜ ಹೇಳಿದ್ದರೆ ಮಗುವಿಗೆ ರೋಗ ತಪ್ಪುತ್ತಿತ್ತೇ, ಅಥವಾ ಅದಕ್ಕೂ ಮೊದಲೇ ತಗುಲಿತ್ತೇ? ಈಗ ಯಾರೂ ಹೇಳಲಾರರು. ನಾಲ್ಕು ತಿಂಗಳ ಹಾಲಂತೂ ತಪ್ಪುತ್ತಿತ್ತು. ಹುಡುಗಿ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ಗುಣವಾಗುತ್ತದೆ ಎಂದಿದ್ದಾರೆ. ಅಕ್ಕ ಈಗ ಹಾಲು ಚೆನ್ನಾಗಿ ಕುದಿಯುವವರೆಗೆ ಒಲೆ ಬಿಟ್ಟು ಕದಲುವುದಿಲ್ಲ. ತಮ್ಮನೋ, ಗಂಟು ಕಂಡ ಕೂಡಲೇ ಕತ್ತಿ ಕೆಳಗಿಟ್ಟು ಡಾಕ್ಟರನ್ನು ಕೂಗುತ್ತಾನೆ. ಅವತ್ತಿನಿಂದ ಅಕ್ಕ ಅವನೊಡನೆ ಮಾತಾಡಿಲ್ಲ.

ಕತ್ತಿ ಹಿಡಿಯುವ ಅಣ್ಣಂದಿರೇ, ಹಸು ಸಾಕುವ ಅಕ್ಕಂದಿರೇ, ಕಂಡ ಗಂಟೆಲ್ಲ ಟಿ.ಬಿ. ಅಲ್ಲ. ಆದರೆ ಹೌದೋ ಅಲ್ಲವೋ ಎಂದು ನೀವು ತೀರ್ಮಾನಿಸಬೇಡಿ. ಅದನ್ನು ಇದ್ದಲ್ಲೇ ಬಿಡಿ, ಬಿಲ್ಲೆ ಬಿಸಾಡಬೇಡಿ, ಯಾರ ಹಸು ಎಂದು ಹೇಳಿಬಿಡಿ. ಹಾಲು ಕಾಯಿಸದೆ ಕೊಡಬೇಡಿ. ಡಾಕ್ಟರು ಬರುವುದು ತಡವಾದರೆ ಬೈದುಕೊಳ್ಳಿ, ಪರವಾಗಿಲ್ಲ. ಆದರೆ ಕಾಯಿರಿ.